ಊಜಿಗೂ ಮೊದಲೇ ಬಂದಿದ್ದ ಜಪಾನಿನ ಪ್ರಯೋಗ

ಈ ಹಳೇ ಫೋಟೋದಲ್ಲಿರುವ ಸಬ್‌ಮಷಿನ್ ಗನ್, ಅಂದರೆ ಪಿಸ್ತೂಲಿನ ತೋಟಾ ಬಳಸಿ ಎಡೆಬಿಡದೆ ಗುಂಡು ಹಾರಿಸುವ ಪುಟ್ಟ ಬಂದೂಕನ್ನು ಸರಿಯಾಗಿ ನೋಡಿ. ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್ ಎಲ್ಲಿದೆ? ಸೀದಾ ಕೈ ಹಿಡಿಯೊಳಗೇ ತೂರಿಕೊಂಡಿದೆ. ಇಸ್ರೇಲಿನ ಪ್ರಸಿದ್ಧ ಸಬ್‌ಮಷಿನ್ ಗನ್ ಊಜಿ ನೆನಪಾಯ್ತು ಅಲ್ವಾ? ಆದರೆ ಊಜಿ ಬಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಇದು 1930ರ ದಶಕದ್ದು, ಜಪಾನಿನದು.

ಇದರ ಹಿಂದಿದ್ದವರು ಕಿಜಿರೊ ನಾಂಬು. ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾಗಿ, 1927ರಲ್ಲಿ ಸ್ವಂತ ಬಂದೂಕು ಕಾರ್ಖಾನೆ ತೆರೆದವರು. ಜಪಾನಿನ ನೌಕಾಪಡೆ ಆಗಲೇ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಬರ್ಗ್‌ಮನ್ ಸಬ್‌ಮಷಿನ್ ಗನ್ ತರಿಸಿಕೊಂಡು ಶಾಂಘೈನಲ್ಲಿ ಬಳಸುತ್ತಿತ್ತು. ಸ್ವದೇಶಿ ಗನ್ ಮಾತ್ರ ಇರಲಿಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಇದರ ಹಿಂಭಾಗ. ಸಬ್‌ಮಷಿನ್ ಗನ್‌ನಲ್ಲಿ ಪ್ರತಿ ಗುಂಡಿಗೂ ಹಿಂದೆ ಮುಂದೆ ಜಾರುವ ಲೋಹದ ತುಂಡು, ಅಂದರೆ ಬೋಲ್ಟ್ ಹಗುರವಾದಷ್ಟೂ ಜೋರಾಗಿ ಹಿಂದೆ ಮುಂದೆ ಓಡುತ್ತದೆ. ಗುಂಡು ಬೇಗ ಖಾಲಿ, ಗುರಿಯೂ ನಿಲ್ಲುವುದಿಲ್ಲ. ನಾಂಬು ಅಲ್ಲಿ ಓಟ ತಗ್ಗಿಸುವ ಗಾಳಿಯ ಬಫರ್ ಇಟ್ಟರು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದರೆ ಗಾಳಿ ಎದುರು ನಿಲ್ಲುತ್ತದಲ್ಲ, ಹಾಗೆಯೇ ಇಲ್ಲೂ ಬೋಲ್ಟಿನ ಓಟಕ್ಕೆ ಗಾಳಿಯೇ ಕಡಿವಾಣ. ಎಂಥ ತಲೆ ನೋಡಿ!

ಆದರೂ ಇದು ಪರೀಕ್ಷೆಯ ಹಂತ ದಾಟಲಿಲ್ಲ. ಸೇನೆ ಕೊನೆಗೆ ಒಪ್ಪಿಕೊಂಡಿದ್ದು ಟೈಪ್ 100. ಜಪಾನಿನ ಸಾಮ್ರಾಜ್ಯ ಪಂಚಾಂಗದ ಪ್ರಕಾರ 1940 ಅಂದರೆ 2600ನೇ ವರ್ಷ, ಅದರ ಕೊನೆಯ ಎರಡು ಸೊನ್ನೆಯನ್ನು ಸೇನೆ 100 ಅಂತ ಎಣಿಸಿತು, ಹೆಸರು ಅಲ್ಲಿಂದ ಬಂತು. ಅದರಲ್ಲಿ 30 ಗುಂಡಿನ ಬಾಗಿದ ಮ್ಯಾಗಜಿನ್ ಎಡಗಡೆಗೆ ಚಾಚಿಕೊಂಡಿದೆ. ಗಾಳಿಯ ಬಫರ್ ಮಾಯ. ತೋಟಾ ಮಾತ್ರ ಅದೇ, ಜಪಾನಿನ ಪಿಸ್ತೂಲಿನ 8 ಎಂಎಂ, ಶಕ್ತಿ ಕಡಿಮೆ. ಇನ್ನು ಮುಂದುಗಡೆ ನೋಡಿ, ಇರಿಯುವ ಚೂರಿ, ಅಂದರೆ ಬಯೋನೆಟ್ ಸಿಕ್ಕಿಸೋಕೆ ಜಾಗ! ಕೈ ಕೈ ಮಿಲಾಯಿಸುವ ಕಾಳಗದ ಮೇಲೆ ಆ ಸೇನೆಗಿದ್ದ ನಂಬಿಕೆ ಎಷ್ಟು ಅನ್ನೋದು ಇಲ್ಲೇ ಗೊತ್ತಾಗುತ್ತದೆ. ಸ್ವದೇಶಿ ಸಬ್‌ಮಷಿನ್ ಗನ್ ಬರೋದು ತಡವಾಗಿದ್ದಕ್ಕೂ ಅದೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ತಲೆ ಓಡಿಸುವವರಿಗೆ ಅಲ್ಲಿ ಕೊರತೆ ಇರಲಿಲ್ಲ.

ಅದೇ ಯುದ್ಧದಲ್ಲಿ ಬ್ರಿಟನ್ ತನ್ನ ಸಬ್‌ಮಷಿನ್ ಗನ್ ಆದ ಸ್ಟೆನ್ ಸುಮಾರು 40 ಲಕ್ಷ ಮಾಡಿತು. ಟೈಪ್ 100 ಎಲ್ಲಾ ಸೇರಿ 30 ಸಾವಿರವೂ ದಾಟಲಿಲ್ಲ. 1944ರಲ್ಲಿ ಅದನ್ನು ಸರಳ ಮಾಡಿ, ನಿಮಿಷಕ್ಕೆ ಸುಮಾರು 450 ಗುಂಡು ಹಾರಿಸುತ್ತಿದ್ದದ್ದನ್ನು 800ಕ್ಕೆ ಏರಿಸಿದರು. ಆ ಮಾದರಿಯ ವೆಲ್ಡಿಂಗ್ ಹತ್ತಿರದಿಂದ ನೋಡಿ, ಎಷ್ಟು ಒರಟು. ಅಷ್ಟು ಹೊತ್ತಿಗೆ ಅವರ ಹತ್ತಿರ ಉಕ್ಕೂ ಇರಲಿಲ್ಲ, ಸಮಯವೂ ಇರಲಿಲ್ಲ.