ಬಿಸಿಯೂಟಕ್ಕೆ ದೇಶಕ್ಕೆಲ್ಲ ಒಂದೇ ರೇಟು ಯಾಕೆ?

ನಮಸ್ಕಾರ. 6 ರೂಪಾಯಿ 78 ಪೈಸೆ. ಒಂದರಿಂದ ಐದನೇ ಕ್ಲಾಸಿನ ಮಗುವಿನ ಒಂದು ಬಿಸಿಯೂಟಕ್ಕೆ 2025ರ ಮೇ ತಿಂಗಳಿಂದ ಕೇಂದ್ರ ಗೊತ್ತು ಮಾಡಿದ ಹಣ ಇದು. ಆರರಿಂದ ಎಂಟನೇ ಕ್ಲಾಸಿಗೆ 10 ರೂಪಾಯಿ 17 ಪೈಸೆ. ಅಕ್ಕಿ ಬೇರೆಯಾಗಿ ಬರುತ್ತದೆ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲ ಇಷ್ಟರಲ್ಲೇ ಆಗಬೇಕು.

ಹಣ ಸಾಲದು ಅನ್ನುವುದು ಇದ್ದೇ ಇದೆ. ನನಗೆ ಅದಕ್ಕಿಂತ ಸಂಕಟ ಆಗುವುದು, ಈ ರೇಟು ದೇಶಕ್ಕೆಲ್ಲ ಒಂದೇ ಅನ್ನುವುದಕ್ಕೆ. ಮಂಗಳೂರಿಗೂ ಅದೇ, ಮಡಿಕೇರಿಗೂ ಅದೇ, ಬಿಹಾರದ ಹಳ್ಳಿಗೂ ಅದೇ. 2025ರಲ್ಲಿ ಏರಿಸುವಾಗ ಎಲ್ಲಿಯ ಬೆಲೆ ನೋಡಿದರು ಗೊತ್ತಾ? 20 ರಾಜ್ಯಗಳ 600 ಹಳ್ಳಿಗಳದ್ದು. ಪೇಟೆ ಅಂಗಡಿಯ ಬೆಲೆ ಆ ಲೆಕ್ಕದಲ್ಲೇ ಇರಲಿಲ್ಲ. ರಾಜ್ಯಗಳು ಕೈಯಿಂದ ಜಾಸ್ತಿ ಹಾಕಬಹುದು, ನಿಜ. ಆಗ ಮಗುವಿನ ತಟ್ಟೆ ಆ ರಾಜ್ಯದ ಖಜಾನೆಯನ್ನು ನಂಬಿಕೊಳ್ಳಬೇಕು.

ಊರಿಂದ ಊರಿಗೆ ಖರ್ಚು ಬೇರೆ ಅಂತ ಸರ್ಕಾರಕ್ಕೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ನಮ್ಮ ರಾಜ್ಯದ ನೌಕರರ ಮನೆ ಬಾಡಿಗೆ ಭತ್ಯೆ 2024ರಿಂದ ಊರು ಎಷ್ಟು ದೊಡ್ಡದು ಅಂತ ನೋಡಿ ಮೂಲ ಸಂಬಳದ 20, 15, 7.5 ಪರ್ಸೆಂಟ್ ಇದೆ. ಅದು ನ್ಯಾಯವೇ. ಮೇಷ್ಟ್ರ ಬಾಡಿಗೆಗೆ ಊರು ನೋಡುವವರು ಮಕ್ಕಳ ಸಾಂಬಾರಿಗೂ ನೋಡಬೇಕು ಅಲ್ವಾ?

ಮೊಟ್ಟೆ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಶುರುವಾಯಿತು. ಬಹಳ ದೊಡ್ಡ ಕೆಲಸ. ಆದರೆ ಒಂದಕ್ಕೆ ಇಟ್ಟದ್ದು 6 ರೂಪಾಯಿ. ತರುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಕೋಳಿ ಫಾರಂ ಪಕ್ಕದ ಶಾಲೆಗೂ ಅಷ್ಟೇ, ಮಳೆಗಾಲದಲ್ಲಿ ಜೀಪಿನಲ್ಲಿ ಟ್ರೇ ಹೋಗಬೇಕಾದ ಘಟ್ಟದ ಶಾಲೆಗೂ ಅಷ್ಟೇ. ದಾರಿಯಲ್ಲಿ ನಾಲ್ಕು ಒಡೆದರೆ ಅದರ ದುಡ್ಡು ಯಾರು ಕೊಡಬೇಕು? ಬೆಲೆ ಏರಿದಾಗ ಎಷ್ಟೋ ಮುಖ್ಯ ಶಿಕ್ಷಕರು ತಮ್ಮ ಜೇಬಿನಿಂದಲೇ ತುಂಬಿದ್ದಾರೆ. ಅವರ ಒಳ್ಳೆಯತನದ ಮೇಲೆ ಯೋಜನೆ ನಡೆಸುವುದು ತಪ್ಪು.

ಕೋಳಿ ಸಾಕುವವರ ಸಂಘವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಬೆಂಗಳೂರು, ಮೈಸೂರು, ಹೊಸಪೇಟೆಯ ಬೆಲೆಯನ್ನು ದಿನವೂ ಹೇಳುತ್ತದೆ. ಅದಕ್ಕೆ ತಾಲ್ಲೂಕಿನ ಸಾಗಾಟದ ಖರ್ಚು ಸೇರಿಸಿ ತಿಂಗಳಿಗೊಮ್ಮೆ ರೇಟು ಗೊತ್ತು ಮಾಡಿ. ತರಕಾರಿಗೆ ಎಪಿಎಂಸಿ ಬೆಲೆ ಇದ್ದೇ ಇದೆ. ಕೇಂದ್ರದ ರೇಟು ಬದಲಾಗಲು ದೆಹಲಿ ಒಪ್ಪಬೇಕು. ಮೊಟ್ಟೆಯದ್ದನ್ನು ಕರ್ನಾಟಕ ಮುಂದಿನ ತಿಂಗಳೇ ಮಾಡಬಹುದು.