ಪರದೇಶದ ಊರಿಗೆ ಹೊಂದಿಕೊಳ್ಳುವುದು: ಯುವ ಮಾರ್ಮನ್ ಮಿಷನರಿಗಳ ಅನುಭವ

ಮಾನ್ಯ ಸಭಿಕರೇ,

ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಧರಿಸಿ ಇಬ್ಬಿಬ್ಬರಾಗಿ ಓಡಾಡುವ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಯುವಕರ ಮಾತು ಬಂದಾಗಲೆಲ್ಲ ಅವರ ಬೋಧನೆಯೇ ಚರ್ಚೆಯ ವಸ್ತುವಾಗುತ್ತದೆ. ನನ್ನ ಕುತೂಹಲ ಬೇರೆ. ತಾನು ಆರಿಸಿಕೊಳ್ಳದ ದೇಶದಲ್ಲಿ, ತಾನು ಆರಿಸಿಕೊಳ್ಳದ ಜೊತೆಗಾರನೊಂದಿಗೆ ಬದುಕಲು ಹೊರಟ ಹದಿನೆಂಟರ ಹುಡುಗ ಆ ಊರಿಗೆ ಹೊಂದಿಕೊಳ್ಳುವುದಾದರೂ ಹೇಗೆ? ಚರ್ಚಿನ ವ್ಯವಸ್ಥೆ ಅವನಿಗೆ ಬೇಕಾದ ಬಹಳಷ್ಟನ್ನು ಮೊದಲೇ ಅಣಿಗೊಳಿಸಿರುತ್ತದೆ, ನಿಜ. ಆದರೆ ಅವನನ್ನು ಅಲ್ಲಿ ನೆಲೆಯೂರಿಸುವವರು ಆ ಊರಿನ ಜನ, ಅದರಲ್ಲೂ ಅವನಿಗೆ ಊಟ ಹಾಕುವವರು, ಎಂಬುದು ನನ್ನ ಅಭಿಪ್ರಾಯ.

ಮೊದಲು ಇಂದಿನ ವ್ಯವಸ್ಥೆಯನ್ನು ನೋಡೋಣ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ ಈ ಚರ್ಚು 2012ರಲ್ಲಿ ಮಿಷನರಿಗಳ ಕನಿಷ್ಠ ವಯಸ್ಸನ್ನು ಯುವಕರಿಗೆ 19ರಿಂದ 18ಕ್ಕೂ, ಯುವತಿಯರಿಗೆ 21ರಿಂದ 19ಕ್ಕೂ ಇಳಿಸಿತು; 2025ರಲ್ಲಿ ಯುವತಿಯರ ಕನಿಷ್ಠ ವಯಸ್ಸನ್ನೂ 18ಕ್ಕೆ ಇಳಿಸಿತು. ಯುವಕರ ಸೇವಾವಧಿ ಎರಡು ವರ್ಷ, ಯುವತಿಯರದು ಹದಿನೆಂಟು ತಿಂಗಳು. ಸಂಬಳವಿಲ್ಲ; ಖರ್ಚನ್ನು ಹೆಚ್ಚಾಗಿ ಅವರೋ ಅವರ ಮನೆಯವರೋ ಭರಿಸುತ್ತಾರೆ. ಪ್ರೋವೊದಂಥ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಭಾಷೆ ಕಲಿತು ಬಂದವನ ಕೈಗೆ ಹೊಸ ಊರಿನಲ್ಲಿ ಮೊದಲು ಸಿಗುವುದು ಒಂದು ಬಾಡಿಗೆ ಮನೆಯ ಕೀಲಿ ಮತ್ತು ಹಿಂದಿನವರು ಉಳಿಸಿಹೋದ ದಾಖಲೆ. ಯಾವ ಮನೆಯವರು ಮಾತನಾಡಿಸಿದರು, ಯಾರು ಮತ್ತೆ ಬನ್ನಿ ಎಂದರು, ಯಾರು ಬೇಡವೆಂದರು ಎಂಬುದೆಲ್ಲ ಅದರಲ್ಲಿರುತ್ತದೆ. ಹಿಂದೆ ಅದು ದಪ್ಪನೆಯ ಕಡತವಾಗಿತ್ತು, ಈಗ ಮೊಬೈಲಿನಲ್ಲಿದೆ. ಊರನ್ನು ಕಣ್ಣಾರೆ ಕಾಣುವ ಮೊದಲೇ ಅಲ್ಲಿನ ಮನೆಗಳ ಪರಿಚಯ ಹೀಗೆ ಓದಿನಿಂದ ಆಗಿಬಿಡುವುದು ವಿಚಿತ್ರವೇ ಸರಿ.

ಬೆಳಗ್ಗೆ ಆರೂವರೆಯ ಹೊತ್ತಿಗೆ ಏಳಬೇಕು, ರಾತ್ರಿ ಹತ್ತೂವರೆಯ ಹೊತ್ತಿಗೆ ಮಲಗಬೇಕು. ಜೊತೆಗಾರ ಸದಾ ಕಣ್ಣಳತೆಯಲ್ಲಿರಬೇಕು. ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಪತ್ರ ಬರೆಯಲು ವಾರಕ್ಕೊಂದು ದಿನ ಬಿಡುವುಂಟು. 2019ರವರೆಗೆ ಮನೆಗೆ ಫೋನ್ ಮಾಡಲು ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಅವಕಾಶ: ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. ಆ ವರ್ಷದ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತನಾಡಬಹುದಾಯಿತು. ಇದರಿಂದ ಮನೆಯ ಹಂಬಲ ತಗ್ಗಿತೋ ವಾರಕ್ಕೊಮ್ಮೆ ಹೊಸದಾಗಿ ಕೆರಳುವಂತಾಯಿತೋ, ಅದು ಆಯಾ ಹುಡುಗನ ಸ್ವಭಾವಕ್ಕೆ ಬಿಟ್ಟದ್ದು. ಇಷ್ಟರ ಮೇಲೆ, ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಜೊತೆಗಾರ ಹೋಗಬಹುದು, ತಾನೇ ಹೋಗಬೇಕಾಗಬಹುದು. ಬೀದಿಗಳು ಪರಿಚಯವಾಗುವ ಹೊತ್ತಿಗೆ ಗಂಟುಮೂಟೆ ಕಟ್ಟಿದರೂ ಆಶ್ಚರ್ಯವಿಲ್ಲ.

ಈ ಯಾವ ಏರ್ಪಾಡೂ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಹವಾಯಿಯ ಉದಾಹರಣೆಯನ್ನು ನೋಡಬೇಕು. ಆಗ ಅದು ಸ್ವತಂತ್ರ ರಾಜ್ಯ. 1850ರ ಡಿಸೆಂಬರ್‌ನಲ್ಲಿ ಹತ್ತು ಮಂದಿ ಮಾರ್ಮನ್ ಮಿಷನರಿಗಳು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಿಂದ ನೇರವಾಗಿ ಹೊನೊಲುಲುವಿಗೆ ಬಂದಿಳಿದರು. ಅವರಲ್ಲೊಬ್ಬರಾದ ಹೆನ್ರಿ ಬಿಗ್ಲರ್, ಸಟರ್ಸ್ ಮಿಲ್‌ನಲ್ಲಿ ಚಿನ್ನ ಸಿಕ್ಕ ದಿನವನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟು ಹೆಸರಾದವರು. ದ್ವೀಪಗಳಲ್ಲಿರುವ ಬಿಳಿಯರಿಗೆ ಬೋಧಿಸುವುದು ಈ ತಂಡದ ಮೊದಲ ಉದ್ದೇಶವಾಗಿತ್ತು. ಬಿಳಿಯರು ಕೆಲವರೇ ಇದ್ದರು, ಅವರಿಗೂ ಆಸಕ್ತಿಯಿರಲಿಲ್ಲ. ಕೆಲವೇ ತಿಂಗಳಲ್ಲಿ ಮುಖ್ಯಸ್ಥರೂ ಸೇರಿದಂತೆ ಅರ್ಧದಷ್ಟು ಮಂದಿ ದ್ವೀಪ ಬಿಟ್ಟರು. ಇಪ್ಪತ್ಮೂರರ ಹರೆಯದ ಜಾರ್ಜ್ ಕ್ಯೂ. ಕ್ಯಾನನ್ ಸ್ಥಳೀಯರ ಭಾಷೆ ಕಲಿತು ಅವರೊಂದಿಗೇ ಇರುವುದೆಂದು ನಿಶ್ಚಯಿಸಿ ಉಳಿದವರಲ್ಲಿ ಒಬ್ಬರು.

ಮಾವಿ ದ್ವೀಪದ ಲಹೈನಾದಲ್ಲಿ ನಲಿಮನುಯಿ ಎಂಬ ಹವಾಯಿ ಮಹಿಳೆ ಕ್ಯಾನನ್ ಮತ್ತು ಅವರ ಜೊತೆಗಾರರಿಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಅಲ್ಲಿನವರ ನಿತ್ಯದ ಆಹಾರ ಪೋಯಿ. ನಮ್ಮ ಮಲೆನಾಡಿನವರು ಚೆನ್ನಾಗಿ ಬಲ್ಲ ಕೆಸುವಿನ ಗೆಡ್ಡೆಯನ್ನು ಬೇಯಿಸಿ, ಕುಟ್ಟಿ, ನೀರು ಬೆರೆಸಿ ಹುಳಿಯಲು ಬಿಟ್ಟ ಹಿಟ್ಟು ಅದು. ಕ್ಯಾನನ್‌ಗೆ ಅದು ಬಾಯಿಗಿಡಲಾಗದಂತಿತ್ತು. ಆದರೆ ತಮಗೆಂದು ಬೇರೆ ಅಡುಗೆ ಮಾಡಿಸಿಕೊಂಡರೆ ಬಡವರಾದ ಆತಿಥೇಯರಿಗೆ ಹೊರೆಯಾಗುತ್ತದೆ ಎಂದರಿತು, ಈ ಆಹಾರ ತನಗೆ ರುಚಿಸುವಂತಾಗಲಿ ಎಂದು ಪ್ರಾರ್ಥಿಸಿ ತಿನ್ನತೊಡಗಿದರೆಂದೂ, ಮುಂದೆ ಅದೇ ಇಷ್ಟದ ಊಟವಾಯಿತೆಂದೂ ಅವರೇ ಬರೆದುಕೊಂಡಿದ್ದಾರೆ. ಪ್ರಾರ್ಥನೆಯ ಫಲವನ್ನು ನಂಬುವವರು ನಂಬಲಿ. ನನಗೆ ಮುಖ್ಯವಾಗಿ ಕಾಣುವುದು, ಆತಿಥೇಯರ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಆ ಎಚ್ಚರ. 1851ರಲ್ಲಿ ವೈಲುಕು ಎಂಬಲ್ಲಿ ನ್ಯಾಯಾಧೀಶರಾಗಿದ್ದ ಜೊನಾತನ ನಪೇಲ ಅವರ ಸ್ನೇಹ ಕ್ಯಾನನ್‌ಗೆ ದೊರೆಯಿತು. ಲಹೈನಾಲುನಾ ಶಾಲೆಯಲ್ಲಿ ಕಲಿತ ನಪೇಲರ ನೆರವಿಲ್ಲದಿದ್ದರೆ ಮಾರ್ಮನ್ ಗ್ರಂಥದ ಹವಾಯಿ ಅನುವಾದ 1855ರಲ್ಲಿ ಅಚ್ಚಾಗುತ್ತಿರಲಿಲ್ಲ.

ಮಾರ್ಮನ್ ಪಂಥದ ಸ್ಥಾಪಕರ ಅಣ್ಣ ಹೈರಮ್ ಸ್ಮಿತ್‌ರ ಮಗನಾದ ಜೋಸೆಫ್ ಎಫ್. ಸ್ಮಿತ್ 1854ರಲ್ಲಿ ಇದೇ ದ್ವೀಪಗಳಿಗೆ ಬಂದಾಗ ಅವರಿಗೆ ಹದಿನೈದು ವರ್ಷ. ಆ ಹಿಂದಿನ ವರ್ಷವಷ್ಟೇ ಕಿಟೆಲ್ ನಮ್ಮ ಕಡೆಗೆ ಬಂದಿದ್ದರು; ಆದರೆ ಕಿಟೆಲ್‌ರ ಬೆನ್ನಿಗೆ ಬಾಸೆಲ್‌ನ ವಿದ್ಯಾಭ್ಯಾಸವಿತ್ತು, ಮುಂದೆ ದಶಕಗಳ ಕನ್ನಡ ವ್ಯಾಸಂಗವಿತ್ತು. ಈ ಹುಡುಗನಿಗಾದರೋ ತಂದೆ ತಾಯಿ ಇಬ್ಬರೂ ತೀರಿಹೋಗಿದ್ದರು, ತರಬೇತಿ ಎಂಬುದೇ ಇರಲಿಲ್ಲ. ಮಾವಿಯ ಕುಲ ಎಂಬಲ್ಲಿ ಜ್ವರದಿಂದ ಮಲಗಿದಾಗ ಹವಾಯಿ ಮಹಿಳೆಯೊಬ್ಬರು ಮಗನಂತೆ ಆರೈಕೆ ಮಾಡಿದರು. ಕೆಲವೇ ತಿಂಗಳಲ್ಲಿ ಸ್ಮಿತ್ ಅಲ್ಲಿನ ಭಾಷೆಯಲ್ಲಿ ಬೋಧಿಸುವಷ್ಟಾದರು.

ಇಂದಿನ ಮಿಷನರಿಗೆ ಮನೆ, ದಾಖಲೆ, ಫೋನು ಎಲ್ಲವೂ ಸಿದ್ಧವಾಗಿರುವುದರಿಂದ ಊರಿನವರ ಹಂಗಿಗೆ ಬೀಳಬೇಕಾದ ಪ್ರಸಂಗ ಕಡಿಮೆ. ಅದು ಸುರಕ್ಷಿತವೇ, ಜ್ವರ ಬಂದ ಹುಡುಗನನ್ನು ಅದೃಷ್ಟಕ್ಕೆ ಬಿಡುವುದು ಯಾರಿಗೂ ಬೇಡ. ಆದರೆ ಆ ಹಂಗಿನಿಂದ ಹುಟ್ಟುತ್ತಿದ್ದ ನಂಟಿನ ಬಲ ಬೇರೆಯೇ ಆಗಿತ್ತು. 1885ರಲ್ಲಿ, ಬಹುಪತ್ನಿತ್ವದ ವಿರುದ್ಧ ಅಮೆರಿಕ ಸರ್ಕಾರ ಹೂಡಿದ್ದ ಮೊಕದ್ದಮೆಗಳಿಂದ ತಪ್ಪಿಸಿಕೊಳ್ಳಬೇಕಾದಾಗ, ಚರ್ಚಿನ ಹಿರಿಯ ನಾಯಕರಾಗಿದ್ದ ಇದೇ ಜೋಸೆಫ್ ಎಫ್. ಸ್ಮಿತ್ ಹೊರಟದ್ದು ಹವಾಯಿಗೆ. ಲಾಯಿ ಎಂಬ ಊರಿನಲ್ಲಿ, ಹದಿಹರೆಯದಲ್ಲಿ ಕಲಿತ ಭಾಷೆಯನ್ನಾಡುವ ಜನರ ನಡುವೆ, ಅವರು 1887ರವರೆಗೆ ಉಳಿದರು.