ಸವೆದ ಎನಾಮಲ್ ಮತ್ತೆ ಬೆಳೆಯಬಹುದಾ?

ಕೈ ಮುರಿದರೆ ಮೂಳೆ ಕೂಡಿಕೊಳ್ಳುತ್ತೆ. ಹಲ್ಲಿನ ಎನಾಮಲ್, ಅಂದ್ರೆ ಮೇಲಿನ ಗಟ್ಟಿ ಹೊದಿಕೆ, ಸವೆದರೆ ಹೋಗಿದ್ದು ಹೋಗಿದ್ದೇ. ಎರಡರಲ್ಲೂ ಇರೋದು ಒಂದೇ ಬಗೆಯ ಖನಿಜ, ಹೈಡ್ರಾಕ್ಸಿಅಪಟೈಟ್. ಮತ್ಯಾಕೆ ಈ ಭೇದ?

ಮೂಳೆ ವಿಷಯ ಬೇಗ ಮುಗಿಸ್ತೀನಿ. ಅಲ್ಲಿ ಕೊಲ್ಯಾಜನ್ ಅನ್ನೋ ಪ್ರೋಟೀನ್ ಎಳೆಗಳ ಸಂದಿಯಲ್ಲಿ ಈ ಖನಿಜದ ಹರಳು ಕೂರುತ್ತೆ. ಎಳೆ ಅಲ್ಲೇ ಉಳಿಯುತ್ತೆ, ಮೂಳೆ ಕಟ್ಟೋ ಕೋಶಗಳೂ ಜೀವಂತ.

[ಪರದೆ: ಮೋಲ್ಡ್ ಹಾಕಲು ಸಿದ್ಧವಾದ ಮನೆ]

ಎನಾಮಲ್ ಹಾಗಲ್ಲ. ಮನೆ ಕಟ್ಟಿಸಿದವರಿಗೆ ಗೊತ್ತು: ಮೋಲ್ಡ್‌ಗೆ ಮುಂಚೆ ಸೆಂಟ್ರಿಂಗ್ ಹೊಡೆಸಬೇಕು, ಕಾಂಕ್ರೀಟ್ ಬಿಗಿದ ಮೇಲೆ ಬಿಚ್ಚಬೇಕು. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ ಅಮೆಲೋಬ್ಲಾಸ್ಟ್ ಅನ್ನೋ ಕೋಶಗಳು ಮಾಡೋದೂ ಇದೇ. ಅಮೆಲೋಜೆನಿನ್ ಅನ್ನೋ ಪ್ರೋಟೀನ್ ಸುರಿಸಿ, ಅದರ ನಡುವೆ ಉದ್ದುದ್ದ ಹರಳುಗಳನ್ನ ಸಾಲಾಗಿ ಬೆಳೆಸ್ತವೆ. ಆಮೇಲೆ ಎಂಎಂಪಿ-20, ಕೆಎಲ್‌ಕೆ-4 ಅನ್ನೋ ಕಿಣ್ವಗಳು ಆ ಪ್ರೋಟೀನನ್ನೇ ಕತ್ತರಿಸಿ ಹಾಕ್ತವೆ. ತೆರವಾದ ಜಾಗಕ್ಕೆ ಹರಳು ದಪ್ಪವಾಗಿ ತುಂಬಿಕೊಳ್ಳುತ್ತೆ. ಕೊನೆಗೆ ತೂಕದಲ್ಲಿ ಸುಮಾರು 96% ಖನಿಜ! ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ.

ಈ ಪ್ರೋಟೀನ್ ಸೆಂಟ್ರಿಂಗ್ ಬಿಚ್ಚೋದು ತಡವಾದರೆ? ಪಾವಗಡ, ಕೋಲಾರದ ಕಡೆ ಕಲೆಬಿದ್ದ ಹಲ್ಲು ನೋಡಿರ್ತೀರಿ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅತಿಯಾದರೆ, ಹಲ್ಲು ರೂಪುಗೊಳ್ಳೋ ವಯಸ್ಸಲ್ಲಿ ಈ ಪ್ರೋಟೀನ್ ಬೇಗ ಹೊರಹೋಗಲ್ಲ. ಎನಾಮಲ್ ಒಳಗೆ ಸಣ್ಣ ಸಣ್ಣ ರಂಧ್ರ ಉಳಿದುಬಿಡುತ್ತೆ. ಹಲ್ಲು ಮೊದಲು ಸುಣ್ಣದ ಬಿಳಿ, ಆಮೇಲೆ ಕಂದು. ಆ ಮಕ್ಕಳಿಗೆ “ಹಲ್ಲುಜ್ಜಲ್ವಾ?” ಅಂತ ದಯವಿಟ್ಟು ಕೇಳಬೇಡಿ. ಉಜ್ಜಿದರೆ ಹೋಗೋ ಕಲೆಯಲ್ಲ ಅದು, ಅವರ ತಪ್ಪಂತೂ ಅಲ್ಲವೇ ಅಲ್ಲ.

ಇನ್ನು ಅಸಲಿ ತೊಡಕು: ಹಲ್ಲು ಹೊರಬರೋ ಹೊತ್ತಿಗೆ ಅಮೆಲೋಬ್ಲಾಸ್ಟ್‌ಗಳು ಇಲ್ಲವಾಗ್ತವೆ. ರಿಪೇರಿಗೆ ಯಾರೂ ಇಲ್ಲ. ಹಾಗಾದರೆ ಕೋಶಗಳಿಲ್ಲದೆ ಬರೀ ಪ್ರೋಟೀನ್ ಚೌಕಟ್ಟು ಕೊಟ್ಟರೆ?

2018ರಲ್ಲಿ ಲಂಡನ್‌ನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಆಲ್ವಾರೋ ಮಾಟಾ ಅವರ ತಂಡ, ಎಲಾಸ್ಟಿನ್ (ಚರ್ಮಕ್ಕೆ ಹಿಗ್ಗೋ ಗುಣ ಕೊಡೋ ಪ್ರೋಟೀನ್) ಮಾದರಿಯ ಪ್ರೋಟೀನ್ ಬಳಸಿ ಎನಾಮಲ್ ಹೋಲುವ ಹರಳು ಬೆಳೆಸಿ ತೋರಿಸಿತು. 2025ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಅವರದೇ ತಂಡದ ಜೆಲ್‌ನ ಸುದ್ದಿ ಬಂತು. ಸವರಿದರೆ ಹಲ್ಲಿನ ಮೇಲೆ ತೆಳುಪದರವಾಗಿ ಕೂತು, ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಹಿಡಿದು, ಹಳೇ ಹರಳಿನ ಸಾಲಿಗೇ ಹೊಸದನ್ನ ಸೇರಿಸುತ್ತೆ. ಪ್ರಯೋಗ ನಡೆದಿದ್ದು ಕಿತ್ತ ಹಲ್ಲುಗಳ ಮೇಲೆ. ಉಜ್ಜಿದಂತೆ, ಅಗಿದಂತೆ, ಹುಳಿ ತಿಂದಂತೆ ಮಾಡಿ ನೋಡಿದರೂ ಪದರ ತಡೆದುಕೊಂಡಿತು. ನನಗಂತೂ ಇದು ರೋಮಾಂಚನ.

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೆ: ಆರಂಭದ ಹುಳುಕಿಗೆ ಪಿ11-4 ಅನ್ನೋ ಪೆಪ್ಟೈಡ್ (ಪ್ರೋಟೀನಿನಂಥದ್ದೇ ಪುಟ್ಟ ಸರಪಳಿ), ಒಸಡಿನ ಚಿಕಿತ್ಸೆಗೆ ಹಂದಿಯ ಎನಾಮಲ್ ಪ್ರೋಟೀನ್, ಇವೆರಡೂ ಈಗಾಗಲೇ ಬಳಕೆಯಲ್ಲಿವೆ. ಆದರೆ ಹಲ್ಲಲ್ಲಿ ಕುಳಿ ಬಿದ್ದಿದ್ದರೆ ಜೆಲ್ ಬರಲಿ ಅಂತ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ.